ಭಾವನ ಜೀಪಿಗೆ ನನ್ನ ಗೇಟು

ನಮ್ಮ ಮನೆಗೆ ಕಳ್ಳರ ಭಯವೇ ಇಲ್ಲ. ಹೊತ್ತುಕೊಂಡು ಹೋಗುವಂಥದ್ದನ್ನೆಲ್ಲ ನಮ್ಮ ಭಾವ ಮೊದಲೇ ಹೊತ್ತುಕೊಂಡು ಹೋಗಿದ್ದಾರೆ! ಅದೂ ಹಾಡುಹಗಲಲ್ಲಿ, ಎದೆಯುಬ್ಬಿಸಿಕೊಂಡು, ದಾರಿಯಲ್ಲಿ ಸಿಕ್ಕವರನ್ನು "ಊಟ ಆಯ್ತೇನ್ಲಾ?" ಎಂದು ವಿಚಾರಿಸಿಕೊಂಡು. ಇಂಥವರ ಮೇಲೆ ಯಾವ ಸ್ಟೇಷನ್ನಿನಲ್ಲಿ ದೂರು ಕೊಡುವುದು, ನೀವೇ ಹೇಳಿ.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಕಿಬ್ಬನಹಳ್ಳಿ ಹತ್ತಿರ ಒಂದೇ ತೆಂಗಿನ ತೋಟದಲ್ಲಿ ಅವರ ಮನೆ, ನಮ್ಮ ಮನೆ ಅಕ್ಕಪಕ್ಕ. ನಾನು ತಿಪಟೂರಿನಲ್ಲಿ ಹೈಸ್ಕೂಲು ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಆ ನಡುವಿನ ಹೊತ್ತಿನಲ್ಲಿ ನನ್ನ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ದೇವರೇ ಕಾಯಬೇಕು.

ಇಷ್ಟಕ್ಕೂ ಕಾರಣ ಒಂದು ಜೀಪು. ಭಾವ ಹರೆಯದಲ್ಲಿ ತಂದದ್ದು. ತಗಡಿನ ಟಾಪು, ಎರಡೂ ಕಡೆ ಬಾಗಿಲು, ಯಾವ ಬಣ್ಣ ಎಂದು ಅದನ್ನು ಮಾಡಿದವರೂ ಈಗ ಹೇಳಲಾರರು. ಅದರ ತಳ ತುಕ್ಕು ಹಿಡಿದು ಜರಡಿಯಾಗಿತ್ತು. ಹೋದ ವರ್ಷ ಭಾವ ಅದರಲ್ಲಿ ತೆಂಗಿನಕಾಯಿ ತುಂಬಿಕೊಂಡು ತಿಪಟೂರಿಗೆ ಹೊರಟರು. ಹಿಂದಿನ ತಗಡು ಕಿತ್ತುಹೋಗಿ ದಾರಿಯುದ್ದಕ್ಕೂ ಕಾಯಿ ಒಂದೊಂದಾಗಿ ಉದುರಿವೆ. ರಸ್ತೆಬದಿಯ ಅಂಗಡಿಯವರೆಲ್ಲ ಹೊರಗೆ ಬಂದು ಕೈ ಬೀಸಿ ಕೂಗಿದ್ದಾರೆ. ಊರಿನ ಜನಕ್ಕೆ ತನ್ನ ಮೇಲೆ ಎಷ್ಟು ಗೌರವ ಎಂದುಕೊಂಡು ಭಾವನೂ ಎಲ್ಲರಿಗೂ ಕೈ ಬೀಸುತ್ತ ಹೋಗಿದ್ದಾರೆ! ತಿಪಟೂರಿನಲ್ಲಿ ಇಳಿದು ನೋಡಿದರೆ ಜೀಪಿನಲ್ಲಿ ಉಳಿದಿದ್ದದ್ದು ಸ್ಟೆಪ್ನಿ ಟಯರು.

ಗ್ಯಾರೇಜಿನವನು ಕೆಳಗೆ ತೂರಿ ನೋಡಿ, "ಚಾಸಿಸ್ಸೂ ಹೋಗೈತೆ ಯಜಮಾನ್ರೇ. ಗುಜರಿಗೆ ಹಾಕ್ಬುಡಿ" ಎಂದನಂತೆ. ಭಾವ ಅವನ ಕಡೆ ನೋಡಿದ ನೋಟವನ್ನು ನಾನು ಕಂಡಿಲ್ಲ, ಆದರೆ ಊಹಿಸಬಲ್ಲೆ. ಕೊನೆಗೆ ಅವನು, "ಆಯ್ತು, ಬಾಡೀನ ಮೇಲಕ್ಕೆತ್ತಿ ಕೆಳಗಡೆ ಚಾಸಿಸ್ ರಿಪೇರಿ ಮಾಡಾಣ. ಬುಟ್ಟೋಗಿ" ಎಂದ.

"ಅಡ್ಡ ಪೈಪು ಹಾಕ್ದೆ ಎತ್ತೀಯೇನ್ಲಾ?" ಎಂದರು ಭಾವ.

"ಅಡ್ಡ ಯಾತಕ್ಕೆ? ನಾಕು ಮೂಲೆಗೆ ಹಗ್ಗ ಕಟ್ಟಿ ಎತ್ತದೇಯಾ."

ಅಷ್ಟೇ. ಭಾವ ಜೀಪನ್ನು ತಿರುಗಿಸಿಕೊಂಡು ಮನೆಗೆ ಬಂದುಬಿಟ್ಟರು. ಬಂದವರೇ ಜಗಲಿಯ ಮೇಲೆ ನಿಂತು, "ತಳ ಕೊಳೆತಿರೋ ಬಾಡೀನ ಹಂಗೇ ಎತ್ತುದ್ರೆ ಬಾಳೆಲೆ ಮಡಚ್ಕೊಂಡಂಗೆ ನಡುವ್ಕೆ ಮಡಚ್ಕೊಂತದೆ ಕಣ್ರೀ! ಆಮೇಕೆ ಬಾಗ್ಲು ಜನ್ಮದಾಗೆ ಕೂರಾಕಿಲ್ಲ. ಇಷ್ಟು ಗೊತ್ತಿಲ್ದೋನು ಗ್ಯಾರೇಜು ಇಕ್ಕವ್ನೆ!" ಎಂದು ಒಂದು ವಾರ ಗುಡುಗಿದರು. ಹಾಲಿನವನಿಗೆ ಹೇಳಿದರು, ಕಾಯಿ ಕೀಳುವವನಿಗೆ ಹೇಳಿದರು. ಫೋನಿನಲ್ಲಿ ಸಾಲ ಬೇಕೇ ಎಂದು ಕೇಳಿದ ಹುಡುಗಿಗೂ ಹೇಳಿದರು. ಆ ಹುಡುಗಿ ಮತ್ತೆ ಫೋನು ಮಾಡಲಿಲ್ಲ.

ಸರಿ, ಬಾಡಿ ಎತ್ತುವ ಕೆಲಸ ತೋಟದಲ್ಲೇ ಎಂದು ತೀರ್ಮಾನವಾಯಿತು. ಅದಕ್ಕೆ ಮೊದಲು, ಬಾಡಿ ಮಡಚಿಕೊಳ್ಳದಂತೆ, ಎರಡೂ ಬಾಗಿಲ ಚೌಕಟ್ಟಿಗೆ ಒಳಗಡೆಯಿಂದ ಮೂಲೆಯಿಂದ ಮೂಲೆಗೆ ಅಡ್ಡ ಪೈಪು ಬೆಸೆಯಬೇಕು. ಒಳ್ಳೆಯದು. ಪೈಪು ಅಂಗಡಿಯಲ್ಲಿ ಸಿಗುತ್ತದೆಯಲ್ಲವೇ? ಭಾವನಿಗೆ ಸಿಗುವುದಿಲ್ಲ! "ಮನೇಲಿ ಇರೋ ಕಬ್ಬಿಣನೇ ಹಳೇ ಗಟ್ಟಿ ಕಬ್ಬಿಣ. ಈಗಿನ ಪೈಪು ಊದುದ್ರೆ ಬಗ್ಗತೈತೆ" ಎನ್ನುವುದು ಅವರ ವಾದ.

ಮೊದಲು ಹೋದದ್ದು ಅವರ ಹೆಂಡತಿ ಬಟ್ಟೆ ಒಣಹಾಕುವ ಕಬ್ಬಿಣದ ಕಂಬ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ನನ್ನ ಹಾಗೆ ಕೂಗಾಡುವವರಲ್ಲ. ಮಾರನೆಯ ದಿನ ತಮ್ಮ ಒದ್ದೆ ಸೀರೆಗಳನ್ನೆಲ್ಲ ಒಯ್ದು ಜೀಪಿನೊಳಗೆ ಆ ಪೈಪಿನ ಮೇಲೆಯೇ ಹರವಿ ಬಂದರು! ಬೆಸುಗೆಯವನು ಬಂದು ಬಾಗಿಲು ತೆಗೆದರೆ ಒಳಗೆ ಸೀರೆ ಅಂಗಡಿ.

ಎರಡನೆಯದು ನಮ್ಮ ಹಿತ್ತಿಲಿನ ಕಬ್ಬಿಣದ ಮಂಚ. ಮೂರನೆಯದು ನನ್ನ ಗೇಟು.

ಗೇಟಿನ ವಿಷಯಕ್ಕೆ ಬಂದರೆ ಈಗಲೂ ನನಗೆ ರಕ್ತ ಕುದಿಯುತ್ತದೆ. ಆ ಸಂಜೆ ಬಸ್ಸಿಳಿದು ಬಂದೆ. ಕಲ್ಲು ಕಂಬಗಳು ನಿಂತಿವೆ, ನಡುವೆ ಗೇಟಿಲ್ಲ. ಅಂಗಳದಲ್ಲಿ ಯಾರದೋ ಕುರಿಮಂದೆ! ನಾನು ಮಕ್ಕಳಂತೆ ಸಾಕಿದ ಮಲ್ಲಿಗೆ ಬಳ್ಳಿ, ಚಪ್ಪರದ ಅವರೆ, ಕರಿಬೇವಿನ ಸಸಿ, ಎಲ್ಲ ಅವುಗಳ ಬಾಯಲ್ಲಿ. ಒಂದು ಟಗರು ನನ್ನ ಜಗಲಿಯ ಮೇಲೆ ಮಲಗಿ, ಇವಳು ಯಾರು ಎನ್ನುವಂತೆ ನನ್ನನ್ನೇ ನೋಡಿತು.

ಚೀಲ ಎಸೆದು ಭಾವನ ಹತ್ತಿರ ಓಡಿದೆ. ಅವರು ಜೀಪಿನೊಳಗೆ ಕೂತು ಬೆಸುಗೆ ಮೇಲೆ ಬೆರಳಾಡಿಸುತ್ತಿದ್ದರು.

"ಭಾವ, ನನ್ನ ಗೇಟೆಲ್ಲಿ?"

"ಇಲ್ಲೇ ಐತಲ್ಲಮ್ಮ" ಎಂದು ಬಲಗಡೆ ಬಾಗಿಲ ಚೌಕಟ್ಟಿಗೆ ಬೆಸೆದಿದ್ದ ಪೈಪನ್ನು ಪ್ರೀತಿಯಿಂದ ತಟ್ಟಿದರು.

"ಮನೆಗೆ ಕುರಿ ನುಗ್ಗಿದಾವೆ!"

"ಗೇಟು ಇರಾದು ಯಾತಕ್ಕೆ? ಅಡ್ಡ ನಿಂತು ತಡೀಲಿ ಅಂತ. ಇಲ್ಲೂ ಅದೇ ಕೆಲ್ಸ ಮಾಡ್ತೈತೆ ಕಣಮ್ಮ. ನಿಮ್ಮನೇಲಿದ್ದಾಗಿನ್ಕಿಂತ ಚೆನ್ನಾಗಿ ಮಾಡ್ತೈತೆ."

ಮನೆಗೆ ಬಂದು ಯಜಮಾನರ ಮೇಲೆ ಹರಿಹಾಯ್ದೆ. ಅವರು ಪೇಪರಿನ ಹಿಂದಿನಿಂದ, "ಬೆಸುಗೆ ಗಟ್ಟಿ ಬಂದೈತಂತಾ?" ಎಂದು ಕೇಳಿದರು. ಅಣ್ಣನಿಗೆ ತಕ್ಕ ತಮ್ಮ!

ಅಲ್ಲಿಂದ ಮುಂದೆ ಪೈಪಿನ ಮೇಲೆ ಪೈಪು ಬಿತ್ತು. ಬೆಸುಗೆಯವನು ಸೋತು, "ಯಜಮಾನ್ರೇ, ಇನ್ನೊಂದು ಹಾಕುದ್ರೆ ಡ್ರೈವರ್ ಕೂರಕ್ಕೆ ಜಾಗ ಇರಾಕಿಲ್ಲ" ಎಂದ. "ಎತ್ತೋವಾಗ ಡ್ರೈವರ್ ಯಾತಕ್ಲಾ?" ಎಂದು ಭಾವ ಇನ್ನೊಂದು ಹಾಕಿಸಿದರು.

ಎತ್ತುವ ದಿನ ಭಾನುವಾರ. ಎರಡು ತೆಂಗಿನ ಮರಗಳ ನಡುವೆ ದಪ್ಪ ತೊಲೆ ಕಟ್ಟಿ, ಬೋರ್‌ವೆಲ್ ಮೋಟರು ಎತ್ತುವ ಚೈನ್ ಪುಲ್ಲಿ ತೂಗುಹಾಕಿದ್ದರು. ಬಾಡಿಯ ನಾಲ್ಕು ಮೂಲೆಗೆ ಹಗ್ಗ. ಎಂಥ ಹಗ್ಗ? ತೆಂಗಿನ ನಾರಿನದು! ನೈಲಾನು ತರೋಣ ಎಂದ ನನ್ನ ಯಜಮಾನರಿಗೆ ಭಾವ, "ತೆಂಗಿನ ಸೀಮೇಲಿ ಹುಟ್ಟಿ ನೈಲಾನು ಅಂತೀಯಲ್ಲೋ, ನಾಚ್ಕೆ ಆಗಾಕಿಲ್ವಾ?" ಎಂದಿದ್ದರು. ಪೈಪಿನ ವಿಷಯದಲ್ಲಿ ಅಷ್ಟು ಜೋಪಾನ ಮಾಡಿದ ಮನುಷ್ಯ ಹಗ್ಗದಲ್ಲಿ ಹೀಗೆ!

ಅವತ್ತು ನಾನು ಹೋದದ್ದು ಜಗಳಕ್ಕೇ. ಗೇಟು ಯಾವತ್ತು ವಾಪಸು ಎಂದು ಎಲ್ಲರ ಮುಂದೆ ಕೇಳಿಬಿಡೋಣ ಎಂದು. ನನ್ನ ಯಜಮಾನರು ಚೈನು ಎಳೆಯುತ್ತಿದ್ದರು. ಬಾಡಿ ನರಳಿತು, ಚಾಸಿಸ್ಸಿನಿಂದ ಬಿಟ್ಟುಕೊಂಡು ಮೇಲೆದ್ದಿತು. ಒಂದಿಷ್ಟೂ ಬಾಗಲಿಲ್ಲ. ಬಾಗಿಲ ಚೌಕಟ್ಟುಗಳು ಹೇಗಿದ್ದವೋ ಹಾಗೇ ಇದ್ದವು. ಅಕ್ಕ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. ಭಾವ ಮುಂದಿನ ಮೂಲೆಗೆ ಕೈಯಾನಿಸಿ, "ಉಸಿರು ಬುಡ್ಬ್ಯಾಡ್ರೋ, ಸುಮ್ಕಿರ್ರೀ ಎಲ್ರೂವೆ!" ಎಂದು ಕೂಗುತ್ತಿದ್ದರು.

ನಾನು ಸುಮ್ಮನಿರುವವಳೇ? "ಭಾವ, ಒಂದು ಮಾತು" ಎಂದು ಮುಂದಕ್ಕೆ ಹೋದೆ.

ಹಿಂದಿನ ಮೂಲೆಯ ಹಗ್ಗ ಫಟ್ಟೆಂದು ಕಿತ್ತಿತು. ಬಾಡಿ ಒಂದು ಕಡೆಗೆ ವಾಲಿ, ಬೀಸಿಕೊಂಡು ನೇರ ನನ್ನ ಕಡೆಗೇ ಬಂತು. ಭಾವ ಅದನ್ನು ಹಿಡಿಯಲು ಹೋಗಲಿಲ್ಲ. ಕೈಬಿಟ್ಟರು. ಎರಡೂ ಕೈಯಲ್ಲಿ ನನ್ನ ಹೆಗಲು ಹಿಡಿದು ಎಷ್ಟು ಜೋರಾಗಿ ನೂಕಿದರೆಂದರೆ ನಾನು ಹೋಗಿ ಕಾಯಿ ಸಿಪ್ಪೆಯ ರಾಶಿಯ ಮೇಲೆ ಅಂಗಾತ ಬಿದ್ದೆ. ಬಾಡಿ ಮರಕ್ಕೆ ಧಡಾರನೆ ಬಡಿದು, ಅದಕ್ಕೇ ಒರಗಿ ನೆಲದ ಮೇಲೆ ನಿಂತಿತು. ಅದರ ಅಂಚಿನ ಕೆಳಗೆ ನನ್ನ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು.

ಭಾವ ಆ ಚಪ್ಪಲಿಯನ್ನು ನೋಡಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬಂದು ಸಿಪ್ಪೆಯ ಮೇಲೆ ಮಂಡಿಯೂರಿ ಕೂತರು. ವಯಸ್ಸಿನಲ್ಲಿ ನನ್ನ ತಂದೆಯಂಥವರು, ನನ್ನ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಭಾವ, ಬೇಡ, ನೀವು ಕಾಲು ಮುಟ್ಟಬೇಡಿ" ಎಂದೆ. ಅವರಿಗೆ ಕೇಳಿಸಲಿಲ್ಲ.

ಅತ್ತ ಅಕ್ಕ ಓಡಿಹೋಗಿ ಜೀಪಿನ ಬಾಗಿಲು ತೆಗೆದು, ಮತ್ತೆ ಮುಚ್ಚಿ ನೋಡಿದರು. "ರೀ! ಬಾಗ್ಲು ಸರ್ಯಾಗಿ ಕೂತ್ಕೊಂತು ಕಣ್ರೀ! ಏನೂ ಆಗಿಲ್ಲ!"

"ಅದು ಸುಟ್ಟೋಗ್ಲಿ ಬುಡೇ" ಎಂದರು ಭಾವ, ತಲೆ ಎತ್ತದೆ. ತಮ್ಮ ಟವೆಲಿನಿಂದ ನನ್ನ ಪಾದದ ಮಣ್ಣು ಒರೆಸಿದರು. "ಬೆರಳು ಆಡ್ಸು ಮಗಾ."

ಆಡಿಸಿದೆ. ಒಂದೊಂದನ್ನೂ ಮುಟ್ಟಿ, ಒತ್ತಿ ನೋಡಿದರು. ಕಣ್ಣಿಂದ ನೀರು ಇಳಿದು ಗಡ್ಡದಲ್ಲಿ ನಿಂತಿತ್ತು. ಅದನ್ನು ಒರೆಸಿಕೊಳ್ಳಲೆಂದೂ ಅವರು ನನ್ನ ಕಾಲು ಬಿಡಲಿಲ್ಲ.

"ಇನ್ನೊಂದ್ಸಲ ಆಡ್ಸು" ಎಂದರು.

ಆಡಿಸಿದೆ.