ಐಸ್ ಹಾಕಿಲ್ಲ, ಚಟ್ನಿ ಅಷ್ಟೇ

ಶಿರಸಿಯಲ್ಲಿ ನಂದೊಂದು ಮಿಕ್ಸಿ ರಿಪೇರಿ ಅಂಗಡಿ. ಏಪ್ರಿಲ್ ಬಂತು ಅಂದ್ರೆ ಊರಿನ ಅರ್ಧ ಮಿಕ್ಸಿ ನನ್ನ ಟೇಬಲ್ ಮೇಲೇ ಇರ್ತವೆ. ಮೊದಲೆಲ್ಲ ನೆಂಟರು ಬಂದ್ರೆ ಪಾನಕ ಮಾಡ್ತಿದ್ರು, ಪಾತ್ರೆ, ಸೌಟು ಇದ್ರೆ ಸಾಕಿತ್ತು. ಈಗ ಮೊಬೈಲಲ್ಲಿ ನೋಡಿ ಐಸ್ ಹಾಕಿ ರುಬ್ಬಿದ ಕಾಕ್‌ಟೇಲ್ ಮಾಡ್ತಾರೆ. ಮಿಕ್ಸಿ ಸುಡ್ತದೆ. ತಂದು ಕೊಡುವಾಗ ಎಲ್ಲರದ್ದೂ ಒಂದೇ ಮಾತು: "ಐಸ್ ಹಾಕಿಲ್ಲ, ಚಟ್ನಿ ಅಷ್ಟೇ."

ಅದಕ್ಕೇ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ: ‘ಮಿಕ್ಸಿಗೆ ಐಸ್ ಹಾಕಬೇಡಿ.’ ಎಲ್ಲರೂ ಓದ್ತಾರೆ. ಸುಟ್ಟ ಮಿಕ್ಸಿ ಕಂಕುಳಲ್ಲಿ ಇಟ್ಕೊಂಡು ಓದ್ತಾರೆ.

ಊರಿನ ಮಿಕ್ಸಿಯೆಲ್ಲ ಬಿಚ್ಚೋ ನನಗೆ ಮುಟ್ಟೋಕೆ ಅಪ್ಪಣೆ ಇಲ್ಲದ ಮಿಕ್ಸಿ ಒಂದೇ ಒಂದು, ನನ್ನ ಹೆಂಡ್ತಿದು. ಮದುವೇಲಿ ಅವಳ ಅಮ್ಮ ಕೊಟ್ಟಿದ್ದು. ಇಪ್ಪತ್ತೆರಡು ವರ್ಷ ಆಯ್ತು, ಒಂದು ದಿನಾನೂ ಕೆಟ್ಟಿಲ್ಲ. "ಯಾರೂ ಬಿಚ್ಚಿಲ್ಲ, ಅದಕ್ಕೇ ಚೆನ್ನಾಗಿದೆ. ನೀವು ಕೈ ಹಾಕಿದ್ರೋ, ನಾ ತವರಿಗೆ ಹೋದವಳು ವಾಪಸ್ ಬರೋದಿಲ್ಲ" ಅಂತಾಳೆ. ಸಿದ್ದಾಪುರದ ತವರಿಗೆ ಹೋಗುವಾಗ ಕೆಲವು ಸಲ ಅದನ್ನೂ ಚೀಲದಲ್ಲಿ ಹಾಕ್ಕೊಂಡೇ ಹೋಗ್ತಾಳೆ. ಕೇಳಿದ್ರೆ, "ಅಮ್ಮನ ಮಿಕ್ಸಿ ನುಣ್ಣಗೆ ರುಬ್ಬೋದಿಲ್ಲ." ಅದನ್ನ ನಾ ಸರಿ ಮಾಡಿ ಕೊಡ್ತೇನೆ ಅಂದ್ರೂ ಬೇಡ್ವಂತೆ.

ಕೊಡೆ

ಹುಲಗೋಳದ ಕಡೆಯ ರಿಟೈರ್ಡ್ ಮೇಷ್ಟ್ರು ಒಬ್ರು ಮಿಕ್ಸಿ ತಂದ್ರು. ಶಿಸ್ತಿನ ಮನುಷ್ಯ. ನಂಗೂ ಪಾಠ ಹೇಳಿದವರು, ಅವರೆದುರು ಈಗಲೂ ನಾ ಕೂತು ಮಾತಾಡೋದಿಲ್ಲ.

"ಎಂತ ರುಬ್ಬಿದ್ರಿ ಸರ್?"

"ಚಟ್ನಿ ಅಷ್ಟೇ ಮಾರಾಯ."

ಜಾರ್ ಮುಚ್ಚಳ ತೆಗೆದೆ. ರಮ್ಮಿನ ವಾಸನೆ ಬಂತು. ಗುರುಗಳಲ್ವಾ, ಮೂಗು ಆಚೆ ತಿರುಗಿಸಿ ಜಾರೊಳಗೆ ಇಣುಕಿದೆ. ಬ್ಲೇಡಿಗೆ ಎಂತದೋ ಸುತ್ಕೊಂಡಿತ್ತು. ಚಿಮುಟದಲ್ಲಿ ಎಳೆದೆ. ಗ್ಲಾಸಿಗೆ ಸಿಕ್ಕಿಸ್ತಾರಲ್ಲ, ಬಣ್ಣದ ಕಾಗದದ ಪುಟ್ಟ ಕೊಡೆ, ಅದು.

"ಸರ್, ಚಟ್ನಿಗೆ ಕೊಡೆ ಎಂತಕ್ಕೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು. ಮತ್ತೆ ಹಾಕ್ಕೊಂಡ್ರು. "ಮಳೆಗಾಲ ಹತ್ರ ಬಂತಲ್ಲ" ಅಂದ್ರು.

ಸರ್ವಾನುಮತ

ಸತ್ಯ ಹೇಳಿದವರು ಇಷ್ಟು ವರ್ಷದಲ್ಲಿ ಒಬ್ಬರೇ, ಮಂಚಿಕೇರಿ ಕಡೆಯ ಒಬ್ಬ ಅಕ್ಕ. ಹವ್ಯಕರ ಮಾತು ಅವರದ್ದು, ‘ಆನು’ ಅಂದ್ರೆ ನಾನು.

"ಐಸ್ ಹಾಕಿದ್ದು ಹೌದು. ಸುಳ್ಳು ಹೇಳ್ತಿಲ್ಲೆ ಆನು" ಅಂದ್ರು. ಅವರ ಮನೇಲಿ ಮಹಿಳಾ ಮಂಡಳದ ಸಭೆ ಇತ್ತಂತೆ. ಹೊಸ ಅಧ್ಯಕ್ಷೆಯನ್ನ ಆರಿಸಬೇಕಿತ್ತು. ಬಿಸಿಲು ಅಂತ ಕಾಕ್‌ಟೇಲ್ ಮಾಡಿದ್ರಂತೆ.

"ಕಾಕ್‌ಟೇಲಿಗೆ ಎಂತ ಹಾಕಿದ್ರಿ ಅಕ್ಕಾ?"

"ಅಪ್ಪೆಹುಳಿ."

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹುಳಿ ಮಾವಿನಕಾಯಿ ಬೇಯಿಸಿ ಹಿಂಡಿ, ಒಗ್ಗರಣೆ ಕೊಟ್ಟ ನೀರುಸಾರು. ಒಂದು ಲೋಟ ಕುಡಿದ್ರೆ ಕೂತಲ್ಲೇ ನಿದ್ದೆ. ಅದನ್ನ ಇವರು ಐಸ್ ಹಾಕಿ ಮಿಕ್ಸಿಲಿ ತಿರುಗಿಸಿದ್ದಾರೆ. ಐಸ್ ಅಂದ್ರೆ ಚೊಂಬಲ್ಲಿ ನೀರಿಟ್ಟು ಮಾಡಿದ್ದು, ಚೊಂಬಿನಷ್ಟೇ ದೊಡ್ಡದು. ಕಡೇ ಟ್ರಿಪ್ಪಿಗೆ ಮಿಕ್ಸಿ ಹೋಯ್ತು.

"ವಿಡಿಯೋದಲ್ಲಿ ಗ್ಲಾಸಿನ ಬಾಯಿಗೆ ಉಪ್ಪು ಹಚ್ಚಿದ್ದ. ಆನೂ ಹಚ್ಚಿದಿ. ಎಲ್ಲರೂ ಎರಡೆರಡು ಗ್ಲಾಸು ಕುಡದ."

"ಹಂಗಾದ್ರೆ ಸಭೆ?"

"ಎಂತ ಸಭೆ! ಎಲ್ಲರೂ ಗೋಡೆಗೆ ಒರಗಿ ನಿದ್ದೆ. ಎನ್ನ ಪಾಲಿನ ಟ್ರಿಪ್ಪಿಗೇ ಮಿಕ್ಸಿ ಹೋತು, ಆನೊಬ್ಬಳೇ ಎಚ್ಚರ ಇದ್ದಿದ್ದಿ. ಹಂಗಾಗಿ ಆನೇ ಅಧ್ಯಕ್ಷೆ. ಒಬ್ಬರೂ ವಿರೋಧ ಮಾಡಿದ್ವಿಲ್ಲೆ."

ಬಂಗಡೆ

ಇಷ್ಟೆಲ್ಲ ಕಂಡವನು ನಾನು. ನನಗಾದ್ರೂ ಬುದ್ಧಿ ಇರಬೇಕಿತ್ತು.

ಮೇ ತಿಂಗಳ ಒಂದು ಭಾನುವಾರ, ಹಳೇ ಕ್ಲಾಸ್‌ಮೇಟ್ ನಾಲ್ಕು ಜನ ನಮ್ಮನೆಗೆ ಊಟಕ್ಕೆ ಬಂದ್ರು. ಹೆಂಡ್ತಿ ಎರಡು ದಿನಕ್ಕೆ ತವರಿಗೆ ಹೋಗಿದ್ಲು. ಆ ಸಲ ಮಿಕ್ಸಿ ಬಿಟ್ಟು ಹೋಗಿದ್ಲು.

"ಊರಿಗೆಲ್ಲ ಐಸ್ ಹಾಕ್ಬೇಡಿ ಅಂತೀಯ, ಸರಿಯಾಗಿ ಹಾಕೋದು ಹೆಂಗೆ ಅಂತ ತೋರ್ಸೋ" ಅಂದ್ರು. ಅಂಗಡೀಲಿ ಹದಿನೇಳು ಮಿಕ್ಸಿ ಇದ್ವು, ಆದ್ರೆ ಗಿರಾಕಿಯ ಮಿಕ್ಸಿ ಮುಟ್ಟೋದು ತಪ್ಪು. ಹೆಂಡ್ತಿ ಮಿಕ್ಸಿ ಮುಟ್ಟೋದು ಅದಕ್ಕಿಂತ ದೊಡ್ಡ ತಪ್ಪು ಅಂತ ಆಗ ಹೊಳೀಲಿಲ್ಲ.

ಐಸನ್ನ ಟವೆಲಲ್ಲಿ ಸುತ್ತಿ ಕುಟ್ಟಾಣಿಯಲ್ಲಿ ಪುಡಿ ಮಾಡಿದೆ. ಮುರುಗಲು ಹಣ್ಣಿನ ರಸ, ಜೋನಿಬೆಲ್ಲ, ಶುಂಠಿ, ಒಂಚೂರು ರಮ್. ಎರಡು ಸಲ ತಿರುಗಿಸು, ನಿಲ್ಲಿಸು. ಮತ್ತೆ ತಿರುಗಿಸು, ನಿಲ್ಲಿಸು. ಸೊಗಸಾಗಿ ಬಂತು. ನಾಲ್ವರಲ್ಲಿ ಲಾರಿ ಇಟ್ಟುಕೊಂಡಿರೋ ಯಲ್ಲಾಪುರದ ದೋಸ್ತ್ ಕುಡಿಯೋದಿಲ್ಲ, ಅವನಿಗೆ ರಮ್ ಇಲ್ಲದ್ದು ಬೇರೆ. ಮೂರು ಸುತ್ತು ಆಯ್ತು, ಐಸ್ ಖಾಲಿ.

"ಅರೇ ಭಾಯ್, ಐಸ್ ತಾನೇ? ನಾ ತರ್ತೇನೆ" ಅಂತ ದೋಸ್ತ್ ಹೋದ. ಹತ್ತೇ ನಿಮಿಷಕ್ಕೆ ಗೋಣಿಚೀಲದಲ್ಲಿ ಒಂದು ಗಡ್ಡೆ ತಂದ. ನಾ ಕೈ ತೊಳೆದು ಬರೋದ್ರೊಳಗೆ ತುಂಡು ಮಾಡಿ ಜಾರಿಗೆ ತುಂಬಿ, ಸ್ವಿಚ್ಚನ್ನ ಸೀದಾ ಮೂರಕ್ಕೆ ತಿರುಗಿಸಿದ್ದ. ಮಿಕ್ಸಿ ಒಂದು ಸಲ ಕಿರುಚಿತು, ಆಮೇಲೆ ಹೊಗೆ.

ಐಸ್ ಎಲ್ಲಿಂದ ತಂದೆ ಅಂತ ಕೇಳೋ ಅಗತ್ಯ ಇರಲಿಲ್ಲ. ಘಟ್ಟದ ಕೆಳಗಿಂದ ಮೀನು ತರೋ ಗಾಡಿದು, ಮೂಗಿಗೇ ಗೊತ್ತಾಗ್ತಿತ್ತು. ಮೋಟಾರ್ ಸುಟ್ಟ ಮೇಲೆ ಒಂದು ಅನುಕೂಲ ಆಯ್ತು, ಬಂಗಡೆ ವಾಸನೆ ಸ್ವಲ್ಪ ಮುಚ್ಚಿಹೋಯ್ತು.

ಹಸಿರು ಪೆನ್ನು

ಸೋಮವಾರ ಸಂಜೆ ಬಸ್ಸಿಗೆ ಹೆಂಡ್ತಿ ಬರೋದು. ಬೆಳಿಗ್ಗೆ ಅಂಗಡಿ ಬಾಗಿಲು ಅರ್ಧ ಎಳೆದು, ಆ ಮಿಕ್ಸಿ ಬಿಚ್ಚೋಕೆ ಕೂತೆ. ಇಪ್ಪತ್ತೆರಡು ವರ್ಷ ಯಾರೂ ಮುಟ್ಟದ ಸ್ಕ್ರೂ, ತುಕ್ಕು ಹಿಡಿದಿರ್ತದೆ ಅಂತ ಎಣ್ಣೆ ಬಿಟ್ಕೊಂಡು ಕೂತಿದ್ದೆ. ಬೆಣ್ಣೆ ತರ ತಿರುಗಿತು.

ಅಡಿ ಮುಚ್ಚಳ ತೆಗೆದೆ. ಒಳಗಡೆ ಹಸಿರು ಪೆನ್ನಲ್ಲಿ ಮೂರು ಸಾಲು ಬರೆದಿತ್ತು.

‘ಐಸ್. ೧ನೇ ಸಲ.’

‘ಐಸ್. ೨ನೇ ಸಲ.’

‘ಐಸ್. ೩ನೇ ಸಲ. ಅಕ್ಕ ಮಾತು ಕೇಳೋದಿಲ್ಲ.’

ಹಸಿರು ಪೆನ್ನು ಯಾರದ್ದು ಅಂತ ನಂಗೆ ಗೊತ್ತು. ಸಿದ್ದಾಪುರದಲ್ಲಿ ಮಿಕ್ಸಿ ರಿಪೇರಿ ಮಾಡೋನು, ನನ್ನ ಜೊತೇಲೇ ಹುಬ್ಬಳ್ಳೀಲಿ ಕೆಲಸ ಕಲಿತವನು. ಆಗಿಂದಲೂ ಅವನದ್ದು ಹಸಿರು ಪೆನ್ನೇ, ನನ್ನ ಹೆಂಡ್ತೀನ ಅಕ್ಕ ಅಂತಲೇ ಕರೆಯೋದು. ನಾ ಅಂಗಡೀಲಿ ಇರುವಾಗ ಬೇಸಿಗೆ ಮಧ್ಯಾಹ್ನ ಹೆಂಡ್ತಿ ಗೆಳತಿಯರು ನಮ್ಮನೆಗೆ ಬರೋದು ಬರೀ ಮಾತಾಡೋಕೆ ಅಲ್ಲ ಅಂತ ಅವತ್ತು ತಿಳೀತು. ಮೋಟಾರ್ ಬದಲಾಯಿಸಿದೆ. ಮುಚ್ಚೋ ಮೊದಲು ಕೈ ತಡೀಲಿಲ್ಲ, ಕೆಂಪು ಪೆನ್ನು ತಗೊಂಡು ಕೆಳಗೆ ಬರೆದೆ: ‘ಐಸ್. ೪ನೇ ಸಲ.’

ಮಾರನೇ ದಿನ ಹೆಂಡ್ತಿ ಚಟ್ನಿ ರುಬ್ಬಿದ್ಲು. ಕಿವಿ ಕೊಟ್ಟು ಕೇಳಿದ್ಲು.

"ಸದ್ದು ಬೇರೆ ತರ ಬರ್ತಿದ್ಯಲ್ರೀ?"

"ಹೌದಾ? ಯಾರೂ ಬಿಚ್ಚಿಲ್ವಲ್ಲ" ಅಂದೆ.

"ಹೌದೌದು. ಯಾರೂ ಬಿಚ್ಚಿಲ್ಲ" ಅಂತ ಬೇಗ ಬೇಗ ಜಾರ್ ತೊಳೆದಿಟ್ಲು.

ಎರಡು ವಾರ ಆಯ್ತು. ಒಂದು ಬೆಳಿಗ್ಗೆ ದಪ್ಪ ಚೀಲ ಹಿಡ್ಕೊಂಡು, "ಅಮ್ಮನ್ನ ನೋಡ್ಕೊಂಡು ಸಂಜೆ ಬರ್ತೇನೆ" ಅಂತ ಹೊರಟ್ಲು. ನಾನೇ ಚೀಲ ಬಸ್ಸಿಗೆ ಹತ್ತಿಸಿದೆ. ಎಷ್ಟೋ ಮಿಕ್ಸಿ ಎತ್ತಿದ ಕೈ, ಭಾರದಲ್ಲೇ ಗೊತ್ತಾಯ್ತು.

ಮಧ್ಯಾಹ್ನ ಸಿದ್ದಾಪುರದವನ ಫೋನ್ ಬಂತು. ದನಿ ತಗ್ಗಿಸಿ ಮಾತಾಡ್ತಿದ್ದ.

"ಅಣ್ಣಾ, ಅಕ್ಕ ಇಲ್ಲೇ ಕೂತಿದ್ದಾರೆ. ಐಸ್ ಹಾಕಿಲ್ಲ, ಚಟ್ನಿ ಅಷ್ಟೇ ಅಂತಾರೆ. ಬಿಚ್ಚಿ ನೋಡಿದ್ರೆ ನಾಲ್ಕನೇದು ನಿಮ್ಮ ಅಕ್ಷರ. ಐದನೇದು ನಾ ಬರೀಲಾ, ನೀವೇ ಬಂದು ಬರೀತೀರಾ?"