ಕಾಣಬಾರದ ಕೊಟ್ಟಿಗೆ

ಜನ ಕಟ್ಟಡ ಕಟ್ಟಿಸುವುದು ನಾಲ್ಕು ಮಂದಿಗೆ ಕಾಣಲಿ ಎಂದು. ನಮ್ಮ ಸೋದರಮಾವ ಕಟ್ಟಿಸಿದ್ದು ಯಾರಿಗೂ ಕಾಣಬಾರದು ಎಂದು! ಕಟ್ಟಿ ಮುಗಿದ ಮೇಲೆ ಹಾದಿಹೋಕರನ್ನು ನಿಲ್ಲಿಸಿ, "ನಮ್ಮ ಹೊಸಾ ಕೊಟ್ಟಿಗಿ ಕಾಣತೈತೇನ್ರಿ?" ಎಂದು ಕೇಳುತ್ತಿದ್ದರು. "ಎಲ್ಲೈತ್ರಿ?" ಎಂದವರಿಗೆ ಚಹಾ. "ಭಾಳ ಚಂದ ಐತ್ರಿ" ಎಂದವರಿಗೆ ಬರೀ ನೀರು.

ಮಾವನ ಊರು ಗದಗಿನ ಹತ್ತಿರದ ಕಳಸಾಪುರ. ನಮ್ಮೂರು ಮುಂಡರಗಿಯ ಆಚೆಗೆ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಅದು ಇನ್ನೂ ನಿಜಾಮರ ಸೀಮೆಯಲ್ಲೇ ಇತ್ತು. ಅಲ್ಲಿ ಗಲಾಟೆ ಎದ್ದಾಗ ಅವ್ವ ನನ್ನ ಕೈಹಿಡಿದುಕೊಂಡು ಅಣ್ಣನ ಮನೆಗೆ ಓಡಿಬಂದಳು. ಎಲ್ಲ ತಣ್ಣಗಾದ ಮೇಲೆ ಅವಳು ಊರಿಗೆ ಹೋದಳು, ನಾನು ಗದಗಿನ ಶಾಲೆಯ ನೆಪದಲ್ಲಿ ಮಾವನ ಮನೆಯ ರೊಟ್ಟಿಗೆ ಅಂಟಿಕೊಂಡೆ. ಹೀಗಾಗಿ ಈ ಕೊಟ್ಟಿಗೆಯ ಪುರಾಣವನ್ನೆಲ್ಲ ಕಣ್ಣಾರೆ ಕಂಡವನು ನಾನು.

ಆ ಮನೆಯಲ್ಲಿ ತಲೆಬಾಗಿಲು ದಾಟಿದರೆ ದನ, ಮೆಟ್ಟಿಲೇರಿದರೆ ಜನ. ಮೇವಿನ ಧೂಳಿಗೆ ಅತ್ತೆಗೆ ವರ್ಷವಿಡೀ ಕೆಮ್ಮು. ಒಂದು ದಿನ ಅವರು ಸೊಂಟಕ್ಕೆ ಕೈಯಿಟ್ಟು, "ದನಾ ಹೊರಗ ಹೋಗಬೇಕು, ಇಲ್ಲಾ ನಾ ಹೋಗಬೇಕು!" ಎಂದರು. ಮಾವ ಒಂದು ಗಳಿಗೆ ಯೋಚಿಸಿದರು. ಯೋಚಿಸಿದ್ದೇ ತಪ್ಪಾಯಿತು! ಅವತ್ತು ರೊಟ್ಟಿಯ ಜೊತೆ ಪಲ್ಯ ಬರಲಿಲ್ಲ.

ಕೊಟ್ಟಿಗೆ ಕಟ್ಟಿಸಲು ಮನೆಯೆದುರಿಗೇ ಹೊಲವಿತ್ತು. ಆದರೆ ಹೊಲದ ಆ ತುದಿಯಲ್ಲಿ, ಮುಂಡರಗಿ ಕಡೆಯ ಬಂಡಿದಾರಿಯ ಪಕ್ಕ, ಒಂದು ಹಳೆಯ ಕಲ್ಲುಮಂಟಪ. ಅದರ ಬಗಲಿಗೆ ಒರಗಿದ ವೀರಗಲ್ಲುಗಳು, ಹಿಂದೆ ದೂರದಲ್ಲಿ ಕಪ್ಪತಗುಡ್ಡ. ಮಂಟಪ ಕಟ್ಟಿಸಿದ್ದು ರಾಜ ಎನ್ನುವವರೂ ಇದ್ದರು, ಭೂತ ಎನ್ನುವವರೂ ಇದ್ದರು. "ಯಾರರ ಕಟ್ಟಿರಲಿ, ಅದು ನಮಗಿಂತಾ ಮೊದಲ ಬಂದೈತಿ. ಮೊದಲ ಬಂದವರಿಗೆ ಅಡ್ಡ ನಿಂದರಬಾರದು" ಎಂಬುದು ಮಾವನ ತೀರ್ಮಾನ.

ಸರ್ಕಾರದ ಒಕ್ಕಲುತನದ ಸಾಹೇಬರೊಬ್ಬರು ಬಂದು, ಎತ್ತರದ ಗೋಡೆ ಕಟ್ಟಿಸಿ ತಗಡು ಹೊದಿಸಿರಿ ಎಂದು ಸಲಹೆ ಕೊಟ್ಟರು. ಮಾವ ಅವರನ್ನು ಮನೆಮುಂದಿನ ಕಟ್ಟೆಯ ಮೇಲೆ ಕೂರಿಸಿದರು.

"ಸಾಹೇಬ್ರ, ಮಂಟಪ ಕಾಣತೈತಿ?"

"ಕಾಣತದ."

ಮಾವ ಎದ್ದು ಅವರ ಮುಂದೆಯೇ ನಿಂತರು. "ಈಗ?"

"ಈಗ ನೀವ ಕಾಣ್ತೀರಿ."

"ಹಾಂ! ನಾನರ ಉಣ್ಣಾಕ ಎದ್ದು ಹೋಗತೀನಿ. ನಿಮ್ಮ ತಗಡು ಹೋಗತೈತೇನ್ರಿ?"

ಸಾಹೇಬರು ಟೋಪಿ ಹಾಕಿಕೊಂಡು ಹೊರಟೇಬಿಟ್ಟರು.

ಆಮೇಲೆ ಶುರುವಾಯಿತು ನೋಡಿ ಪರೀಕ್ಷೆ! ಮಾವ ಜೋಳದ ಕಣಿಕೆಯ ಬಣವೆಯನ್ನು ಕೊಟ್ಟಿಗೆಯ ಅಳತೆಗೇ ಒಟ್ಟಿಸಿ, ಕಟ್ಟೆಯ ಮೇಲೆ ಕುಳಿತು ದಿಟ್ಟಿಸುವುದು. ಮಂಟಪದ ಒಂದು ಕಂಬ ಮರೆಯಾದರೂ ಬಣವೆ ಕಿತ್ತು ಇನ್ನೊಂದು ಕಡೆ ಒಟ್ಟಿಸುವುದು. ಮೇವು ತಿನ್ನಲು ಬಂದ ಎತ್ತುಗಳೇ ದಾರಿ ತಪ್ಪಿದವು! ಹರ್ತಿಯ ಬೀಗರೊಬ್ಬರು ಬಂದವರು, "ನಿಮ್ಮ ಬಣವಿಗೆ ಕಾಲ ಬಂದಾವೇನ್ರಿ? ಹ್ವಾದ ವಾರ ಅಲ್ಲಿತ್ತಲಾ!" ಎಂದರು. ಮಾವ ಗಂಭೀರವಾಗಿ, "ಜಾಗಾ ಹುಡುಕಾಕತ್ತೈತ್ರಿ" ಎಂದರು.

ಕೊನೆಗೆ ಹೊಲದ ತಗ್ಗಿನಲ್ಲಿ ಕೊಟ್ಟಿಗೆ ಎದ್ದಿತು. ಎದ್ದಿತು ಅನ್ನುವುದಕ್ಕಿಂತ ಕುಳಿತಿತು ಅನ್ನಬೇಕು. ಗಿಡ್ಡ ಕಲ್ಲುಗೋಡೆ, ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಮೊದಲ ಮಳೆಗೇ ಮಾಳಿಗೆ ತುಂಬ ಹುಲ್ಲು! ಅಸುಂಡಿ ಕಡೆಯಿಂದ ಆಡು ಕಾಯುತ್ತ ಬಂದವನೊಬ್ಬ ಅದನ್ನು ದಿಬ್ಬವೆಂದುಕೊಂಡು ಆಡು ಹತ್ತಿಸಿಬಿಟ್ಟ. ಕಾಲಡಿಯಿಂದ "ಅಂಬಾ" ಎಂದಾಗ ಅವನು ಬಿದ್ದೆನೋ ಎದ್ದೆನೋ ಎಂದು ಓಡಿದ. ಮಾವನಿಗಾದ ಸಂತೋಷಕ್ಕೆ ಆ ದಿನ ಮನೆಯಲ್ಲಿ ಹೋಳಿಗೆ.

ಅತ್ತೆಯ ಕೆಮ್ಮೇನೋ ನಿಂತಿತು. ಆದರೆ ಕೊಟ್ಟಿಗೆಯ ಬಾಗಿಲು ಎಷ್ಟು ಗಿಡ್ಡವೆಂದರೆ, ಹಾಲು ಕರೆಯಲು ಹೋದಾಗಲೆಲ್ಲ ಅವರ ಹಣೆಗೆ ಢಪ್ ಎಂದು ಪೆಟ್ಟು. ನನಗೆ ನೋಡಲಾಗಲಿಲ್ಲ.

"ಅತ್ತೀ, ಮಾವನ ಹುಚ್ಚಿಗೆ ನಿಮ್ಮ ಹಣಿ ಯಾಕ ಬಲಿ ಆಗಬೇಕ್ರಿ? ಗೌಂಡಿಗೆ ಹೇಳಿ ಬಾಗಲಾ ಎತ್ತರ ಮಾಡಸ್ರಿ."

ಅತ್ತೆ ಹಣೆ ಉಜ್ಜಿಕೊಳ್ಳುತ್ತ ನಕ್ಕರು. "ಗೌಂಡಿ ಎತ್ತರನ ಮಾಡಿದ್ದ. ಇನ್ನೊಂದ ಸಾಲ ಕಲ್ಲ ಇಳಸಪಾ ಅಂದಾಕಿ ನಾನ."

"ನೀವ?"

"ನೀವು ಬರೂಕಿಂತಾ ಮೊದಲ ಇಲ್ಲೇನಾತು, ನಿನಗೇನ ಗೊತ್ತು ತಮ್ಮಾ? ಆ ಕಡಿ ಮನಿ ಸುಡಾಕತ್ತ್ಯಾರಂತ ಖಬರ ಬಂದಿತ್ತು. ನಿಮ್ಮವ್ವಂದು ಒಂದೂ ಸುದ್ದಿ ಇಲ್ಲ. ನಿಮ್ಮ ಮಾವ ಮನಿ ಮುಂದಿನ ಕಟ್ಟಿ ಬಿಟ್ಟು ಏಳಲಿಲ್ಲ. ಉಣ್ಣಾಕ ಕರದರ ಸೈತ ಕಣ್ಣು ಮಂಟಪದ ಮ್ಯಾಲ. ಒಂದಿನಾ ಮುಂಜಾನಿ ಅಲ್ಲಿ ಯಾರೋ ಕುಂತಂಗ ಕಾಣಿಸಿತು. ಕಾಲಾಗ ಚಪ್ಪಲಿನೂ ಮೆಟ್ಟಲಿಲ್ಲ, ಓಡಿದ್ರು."

ಆ ಮುಂಜಾನೆ ನನಗೆ ನೆನಪಿದೆ. ಅವ್ವನ ಕಾಲು ಸೋತು ನಾವು ಮಂಟಪದಲ್ಲಿ ಕುಳಿತಿದ್ದೆವು. ಹೊಲದ ನಡುವಿನಿಂದ ಮಾವ ಬರಿಗಾಲಲ್ಲಿ ಏಳುತ್ತ ಬೀಳುತ್ತ ಓಡಿಬಂದರು. ನಾವು ಬಂದದ್ದು ಅವರಿಗೆ ಹೇಗೆ ತಿಳಿಯಿತೆಂದು ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ಮುಂದೆ ರಾಜ್ಯ ಒಂದಾಯಿತು. ಇನ್ನು ಗಡಿಯಿಲ್ಲ, ಯಾರ ಭಯವೂ ಇಲ್ಲ. ಮರುವರ್ಷದ ಪಂಚಮಿಗೆ ಅವ್ವ ತವರಿಗೆ ಬರುವವಳಿದ್ದಳು. ಮಾವ ಬೆಳಗಿನಿಂದಲೇ ಕಟ್ಟೆಯ ಮೇಲೆ. ಆ ಸಲ ನಾನೂ ಪಕ್ಕದಲ್ಲಿ ಕುಳಿತೆ. ಕೊಟ್ಟಿಗೆಯ ಹುಲ್ಲಿನ ಮಾಳಿಗೆಯಾಚೆ ಮಂಟಪದ ಕಂಬಗಳ ನಡುವೆ ಅವ್ವನ ಇಳಕಲ್ ಸೀರೆ ಕಂಡಿತು. ಮಾವ ಎದ್ದರು, ಚಪ್ಪಲಿ ಮರೆತು ಓಡಿದರು. ನಾನೂ ಓಡಿದೆ.

ಕೊಟ್ಟಿಗೆ ದಾಟುವಾಗ ಒಳಗಿನಿಂದ ಢಪ್ ಎಂದು ಸಪ್ಪಳ.

"ಬಂದ್ಲೇನು?" ಎನ್ನುತ್ತ ಅತ್ತೆ ಹಣೆ ಹಿಡಿದುಕೊಂಡೇ ಹೊರಗೆ ಬಂದರು.