ನಮ್ಮ ಮೀಸೆ ಮೀನಿಗೆ ಹುಷಾರಿಲ್ಲ

ಬನ್ನಿ, ಗೋಡೆಗೆ ಒರಗಿ ಕೂತ್ಕೊಳ್ಳಿ. ಕೈಯಲ್ಲಿರೋ ಫೋನು ಪಕ್ಕಕ್ಕಿಟ್ರೆ ಹೇಳ್ತೀನಿ. ಮಹದೇವಪುರದಲ್ಲಿ ನಮ್ಮದು ಮೂರು ಮಹಡಿ ಮನೆ. ಮೇಲೆಲ್ಲಾ ಬಾಡಿಗೆಯೋರು, ಕೆಳಗೆ ನಾನೊಬ್ಬಳೇ. ದಿನಾ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳ್ತಾನೇ ಇರ್ತದೆ, ನನ್ನ ಬಾಗಿಲ ಹತ್ರ ಒಂದೂ ನಿಲ್ಲಲ್ಲ. ಆ ಮೀನಿನ ಗಾಜಿನ ತೊಟ್ಟಿ ಮನೆಗೆ ಬಂದಮೇಲೆ ಮಾತ್ರ ಒಂದಲ್ಲ ಒಂದು ತಮಾಷೆ ಆಗ್ತಾನೇ ಅದೆ.

೧. ಬಾಯಿ ಬಿಟ್ಟಿದ್ದು

ಎರಡನೇ ಮಹಡಿ ಹುಡುಗಿ, ಕಂಪ್ಯೂಟರ್ ಕೆಲಸದೋಳು, "ಅಜ್ಜಿ, ಒಂದು ತಿಂಗಳು ಊರಿಗೆ ಹೋಗ್ತಿದೀನಿ, ನನ್ನ ಮೀನು ನೋಡ್ಕೊಳ್ಳಿ ಪ್ಲೀಸ್" ಅಂತ ತೊಟ್ಟಿ ತಂದಿಟ್ಟು ಹೋದಳು. ಒಳಗೆ ಕಿರುಬೆರಳುದ್ದದ ಒಂದೇ ಒಂದು ಮೀಸೆ ಮೀನು. ಮರಳಿಗೆ ಮೂತಿ ಇಟ್ಕೊಂಡು ಬಿದ್ದಿದ್ದು, ಇದ್ದಕ್ಕಿದ್ದಂಗೆ ಸರ್ರನೆ ಮೇಲೆ ಬಂದು ಬಾಯಿ ಬಿಡ್ತು. ಉಸಿರು ಕಟ್ಟಿತು ಅಂತ ಕೂಗ್ಕೊಂಡೆ. ಮೊದಲನೇ ಮಹಡಿ ಫ್ಯಾಕ್ಟರಿ ಕೆಲಸದೋನು ಹೆಲ್ಮೆಟ್ ಸಮೇತ ಓಡಿಬಂದ. ಫೋನಲ್ಲಿ ಹುಡುಕಿ, "ಏನಾಗಿಲ್ಲ ಕಣಜ್ಜಿ, ಮೇಲೆ ಬಂದು ಗಾಳಿ ಕುಡಿಯೋದು ಅದರ ಅಭ್ಯಾಸ" ಅಂದ. ಕಾಫಿ ಕುಡಿದು ಅರ್ಧ ಗಂಟೆ ಮಾತಾಡಿ ಹೋದ. ಮೂರು ವರ್ಷದ ಬಾಡಿಗೆಯೋನು, ಒಳಗೆ ಕಾಲಿಟ್ಟಿದ್ದು ಅವತ್ತೇ. ಮೀನಿನ ಬುದ್ಧಿ ನಂಗಿದ್ದಿದ್ರೆ ಮೂರು ವರ್ಷದ ಹಿಂದೇನೇ ಬಾಯಿ ಬಿಡ್ತಿದ್ದೆ.

೨. ಮುದ್ದೆ

ಹುಡುಗಿ ಮೀನಿನ ಊಟ ಅಂತ ಮಾತ್ರೆ ಇಟ್ಟಿದ್ದಳು. ಮಾತ್ರೆ ನುಂಗಿ ಬದುಕೋ ಪಾಡು ನಂಗೊಬ್ಬಳಿಗೇ ಸಾಕು ಅಂತ ಬಿಸಿ ಆರಿಸಿ ರಾಗಿ ಮುದ್ದೆ ಹಾಕಿದೆ. ನೀರೆಲ್ಲಾ ಅಂಬಲಿ. ಹುಡುಗಿ ಬರೆದಿಟ್ಟ ನಂಬರಿಗೆ ಫೋನ್ ಮಾಡಿದ್ದಕ್ಕೆ, ಸಾಕೋ ಮೀನು ಮಾರೋ ಅಂಗಡಿಯೋನು ಬಂದು, ತೊಳೆದು, ಬೈದ. "ಇದು ಒಂಟಿಯಾಗಿರೋ ಜಾತಿಯಲ್ಲ ಅಜ್ಜಿ. ಜೊತೆಗೆ ಐದಾರು ಇರ್ಬೇಕು, ಇಲ್ದಿದ್ರೆ ಮೂಲೆ ಹಿಡಿದು ಕೊರಗ್ತದೆ."

"ಅಂಗಾರೆ ನನ್ನ ಜಾತೀನೇ ಅನ್ನು" ಅಂದೆ.

ನನ್ನ ಮುಖ ನೋಡ್ದ, ಮೀನಿನ ಮುಖ ನೋಡ್ದ. "ಮೀಸೆ ಒಂದೇ ವ್ಯತ್ಯಾಸ" ಅಂದ.

೩. ಕಾಯಿಲೆ

ಭಾನುವಾರ ಬಂದು ಮೀನು ತಗೊಂಡು ಹೋಗ್ತೀನಿ ಅಂತ ಹುಡುಗಿ ಫೋನ್ ಮಾಡಿದಳು. ಮೀನು ಹೋದ್ರೆ ಇನ್ನು ಯಾರು ಬರ್ತಾರೆ? "ಅದಕ್ಕೆ ಹುಷಾರಿಲ್ಲ, ಅಲ್ಲಾಡಿಸಬಾರದು" ಅಂದ್ಬಿಟ್ಟೆ. ಸುಳ್ಳಿಗೆ ಸಾಕ್ಷಿ ಇರ್ಲಿ ಅಂತ ಫ್ಯಾಕ್ಟರಿಯೋನಿಗೆ ಜ್ವರ ಅಂದೆ, ಅಂಗಡಿಯೋನಿಗೆ ಊಟ ಸೇರ್ತಿಲ್ಲ ಅಂದೆ. ಏನು ಕಾಯಿಲೆ ಅಂತ ಹುಡುಗಿ ಕೇಳಿದಾಗ ತೋಚದೆ ಮಂಡಿನೋವು ಅಂದಿದ್ದೆ.

ಭಾನುವಾರ ಮೂರೂ ಜನ ಒಟ್ಟಿಗೇ ಬರಬೇಕಾ! ತೊಟ್ಟಿ ಮುಂದೆ ಸಾಲಾಗಿ ನಿಂತ್ರು. ಮೀನು ಅವತ್ತೇ ಗಿರಗಿರ ತಿರುಗ್ತಿತ್ತು.

"ಜ್ವರ ಎಲ್ಲಿ?" ಅಂದ ಒಬ್ಬ. "ಹೊಟ್ಟೆ ತುಂಬಿ ಉಬ್ಕೊಂಡದೆ" ಅಂದ ಇನ್ನೊಬ್ಬ.

ಹುಡುಗಿ ಮೆಲ್ಲಗೆ ಕೇಳಿದಳು, "ಅಜ್ಜಿ, ಮೀನಿಗೆ ಮಂಡಿ ಎಲ್ಲಿದೆ?"

ನಾನು ಸೆರಗು ಬಾಯಿಗಿಟ್ಕೊಂಡೆ. ಮೂರೂ ಜನ ಬಿದ್ದು ಬಿದ್ದು ನಕ್ರು, ಊಟಕ್ಕೂ ಕೂತ್ರು. ಹುಡುಗಿ ತೊಟ್ಟಿ ಇಲ್ಲೇ ಬಿಟ್ಟಳು. ಅಂಗಡಿಯೋನು ಸಾಯಂಕಾಲ ಇನ್ನೈದು ಮೀನು ತಂದು ಜೊತೆ ಮಾಡಿದ.

ಈಗ ಹುಡುಗಿ ಮದುವೆಯಾಗಿ ಸರ್ಜಾಪುರದಲ್ಲವಳೆ. ಫ್ಯಾಕ್ಟರಿಯೋನು ಕೆಲಸ ಬದಲಾಗಿ ದೂರದ ಮಾಕಳಿಗೆ ಹೋದ. ಅಂಗಡಿಯೋನು ಅಂಗಡಿ ಮುಚ್ಚಿ ಆಟೋ ಓಡಿಸ್ತಾನೆ. ಮೀನುಗಳು ಆರೂ ಒಂದೇ ಮೂಲೇಲಿ ಮೈಗೆ ಮೈ ತಾಗಿಸ್ಕೊಂಡು ಸುಖವಾಗವೆ. ಕೆಳಗೆ ನಾನು ಮತ್ತೆ ಒಬ್ಬಳೇ. ತೀರಾ ಬೇಜಾರಾದ್ರೆ ಫೋನ್ ಎತ್ಕೊಂಡು ಹುಷಾರಿಲ್ಲ ಅಂತೀನಿ. "ಇವತ್ತು ಯಾವ ಮೀನಿಗಜ್ಜಿ?" ಅಂತಾರೆ, ಆದ್ರೂ ಬರ್ತಾರೆ. ಆರು ಮೀನು, ಆರು ಕಾಯಿಲೆ, ಆರು ಭಾನುವಾರ. ಮಂಡಿನೋವು ಮಾತ್ರ ನಂಗೇ ಇಟ್ಕೊಂಡಿದೀನಿ.